ಸೊನ್ನೆ ಬಂದಿತ್ತು, ಭಾವ

ಪ್ರೀತಿಯ ಭಾವನವರಿಗೆ,

ನಿಮ್ಮ ನಾದಿನಿಯ ನಮಸ್ಕಾರ. ಇಷ್ಟು ಬರೆಯುವುದಕ್ಕೇ ಎರಡು ಸಲ ಎದ್ದು ಓಡಾಡಿ ಬಂದೆ. ಏಳು ತಿಂಗಳಿಂದ ನಾನು ಮನೆಗೆ ಬಂದಾಗಲೆಲ್ಲ ನೀವು ಪೇಪರ್ ಹಿಡಿದು ಹಿತ್ತಲಿಗೆ ಹೋಗುತ್ತೀರಿ, ನಾನು ಅಕ್ಕನ ಹಿಂದೆ ಅಡುಗೆಮನೆಗೆ ಹೋಗುತ್ತೇನೆ. ಎದುರುಬದುರು ಸಿಕ್ಕಿಬಿದ್ದರೆ "ಯಾವಾಗ ಬಂದೆ?", "ಈಗ ಬಂದೆ", ಅಲ್ಲಿಗೆ ಮುಗಿಯಿತು. ಒಂದು ಕಾಲದಲ್ಲಿ ನಮ್ಮಿಬ್ಬರ ಬಾಯಿ ಮುಚ್ಚಿಸಲು ಅಕ್ಕ ಸೌಟು ತೋರಿಸಬೇಕಾಗುತ್ತಿತ್ತು.

ಇವತ್ತು ಮಧ್ಯಾಹ್ನ ಅಕ್ಕನಿಗೆ ಫೋನಿನಲ್ಲಿ ವಿಷಯ ಹೇಳಿದ್ದೇನೆ. ಅವಳು ಅಳುತ್ತ ಅರ್ಧ ಹೇಳಿರುತ್ತಾಳೆ, ಇನ್ನರ್ಧ ಅವಳಿಗೆ ಅರ್ಥವಾಗಿರುವುದಿಲ್ಲ. ಆದ್ದರಿಂದ ಮೊದಲೇ ನೇರವಾಗಿ ಬರೆದುಬಿಡುತ್ತೇನೆ. ಲಸಿಕೆ ಉಗ್ರಾಣದಲ್ಲಿ ಕೋಣೆಗಳ ಬಿಸಿಯ ರೀಡಿಂಗುಗಳು ಕಳೆದುಹೋಗುತ್ತಿದ್ದುದು ನಿಮ್ಮ ಪ್ರೋಗ್ರಾಮಿನಿಂದಲ್ಲ. ನಿಮ್ಮಿಂದಲೇ ಎಂದು ಒಂಬತ್ತು ಜನರ ಮುಂದೆ ಹೇಳಿದವಳು ನಾನು. ನೀವು ಕೆಲಸ ಬಿಟ್ಟದ್ದು ನನ್ನ ಆ ಮಾತಿನಿಂದ. ತಪ್ಪು ಮಾಡಿದೆ ಎಂದು ಹೇಳಿ ಮುಗಿಸಬಹುದಿತ್ತು, ಆದರೆ ತಪ್ಪಿನ ಒಳಗೆ ಒಂದು ಸುಳ್ಳೂ ಇದೆ. ಅದನ್ನು ಅಕ್ಕನಿಗೂ ಸರಿಯಾಗಿ ಹೇಳಿಲ್ಲ. ಈ ಕಾಗದ ಅದಕ್ಕಾಗಿ. ನಿಮಗೆ ಗೊತ್ತಿರುವ ಸಂಗತಿಗಳನ್ನೂ ಬಿಡಿಸಿ ಬರೆಯುತ್ತೇನೆ, ಅಕ್ಕನೂ ಓದಬೇಕು.

ಎರಡನೇ ನಂಬರ್ ಕೋಲ್ಡ್ ರೂಮಿನ ಆ ಬೆಳಿಗ್ಗೆಯಿಂದ ಶುರುಮಾಡುತ್ತೇನೆ. ಬಾಗಿಲಿನ ರಬ್ಬರು ಒಂದು ಮೂಲೆಯಲ್ಲಿ ಕಿತ್ತುಬಂದಿತ್ತು. ಒಳಗೆ ತಾಸುಗಟ್ಟಲೆ ಬಿಸಿ ಗಾಳಿ ಹೋಗಿತ್ತು. ಸ್ಟೋರ್ ಕೀಪರಮ್ಮ ಉಣ್ಣೆ ಕೋಟು ಹಾಕಿಕೊಂಡು ಒಳಗೆ ಹೋದವರು ಕೋಟು ಬೇಡವೆನಿಸಿ ನಿಂತುಬಿಟ್ಟರಂತೆ. ರಟ್ಟಿನ ಪೆಟ್ಟಿಗೆಗಳ ಮೇಲೆ ನೀರಹನಿ ಕೂತಿತ್ತು. ಇಡೀ ಕೋಣೆಯ ಲಸಿಕೆ ಕೆಟ್ಟಿತ್ತು, ಅದನ್ನು ಕಸದ ಹಳದಿ ಚೀಲಗಳಿಗೆ ಸುರಿದೆವು. ಮಕ್ಕಳನ್ನು ಎತ್ತಿಕೊಂಡು ಸಾಲಿನಲ್ಲಿ ನಿಂತಿದ್ದ ತಾಯಂದಿರನ್ನು ಆಸ್ಪತ್ರೆಗಳಿಂದ ವಾಪಸ್ ಕಳಿಸಿದರು. ಆ ದಿನ ಚೀಲದ ಬಾಯಿ ಕಟ್ಟುತ್ತ ಸ್ಟೋರ್ ಕೀಪರಮ್ಮ ಕೇಳಿದ್ದು ಒಂದೇ ಮಾತು: "ಅಲಾರಂ ಯಾಕೆ ಹೊಡ್ಕೊಳ್ಳಲಿಲ್ಲ?"

ಪ್ರತಿ ಕೋಣೆಯ ಗೋಡೆಗೂ ಒಂದು ಪುಟ್ಟ ಡಬ್ಬಿ, ಅದು ಕೆಲವು ಸೆಕೆಂಡಿಗೊಮ್ಮೆ ಒಳಗಿನ ಬಿಸಿ ಎಷ್ಟೆಂದು ನಮ್ಮ ಕಂಪ್ಯೂಟರಿಗೆ ಕಳಿಸುತ್ತಿತ್ತು. ಒಂದೇ ರೀಡಿಂಗ್ ಎರಡು ಪ್ರತಿ. ಒಂದು ನಿಮ್ಮ ಪ್ರೋಗ್ರಾಮಿಗೆ, ಇನ್ನೊಂದು ಹೊಸದಾಗಿ ಕೊಂಡ ಅಲಾರಂ ಪ್ರೋಗ್ರಾಮಿಗೆ. ನಿಮ್ಮದು ಹತ್ತು ವರ್ಷದ ಹಳೆಯದು, ಎಲ್ಲ ಕೋಣೆಗಳ ಸರಾಸರಿ, ಏರಿಳಿತ ತೆಗೆಯುತ್ತ ಒಂದು ಕ್ಷಣ ಸುಮ್ಮನೆ ಕೂರದ ಪ್ರೋಗ್ರಾಮ್. ಮಾಡಿದವರ ಗುಣವೇ ಅದಕ್ಕೂ ಬಂದಿತ್ತು. ಅಲಾರಂ ಕಂಪನಿಯವರು ಬಂದು, ನಮಗೆ ರೀಡಿಂಗೇ ತಲುಪಿಲ್ಲ, ನಿಮ್ಮ ಕಂಪ್ಯೂಟರ್ ಯಂತ್ರದ ಒಳಗೇ ಎಲ್ಲೋ ಬಿದ್ದುಹೋಗಿದೆ ಎಂದು ಕೈ ತೊಳೆದುಕೊಂಡರು. ಎಲ್ಲಿ ಬೀಳುತ್ತಿದೆ, ಯಾರು ಬೀಳಿಸುತ್ತಿದ್ದಾರೆ ಎಂದು ನೋಡುವವರು ಯಾರು? ನಾನು ಕೈ ಎತ್ತಿದೆ. ನನಗೆ ಕೆಲಸ ಕೊಡಿಸಿದವರು ನೀವು, ಸಿ ಭಾಷೆ ಕಲಿಸಿದವರು ನೀವು. "ವಿಳಾಸ ಬರೆದ ಚೀಟಿ ಮನೆ ಅಲ್ಲ, ಚೀಟಿ ಒಳಗೆ ಮಲಗೋಕಾಗಲ್ಲ" ಎಂದು ಪಾಯಿಂಟರ್ ಪಾಠ ಹೇಳಿದವರು. ನನ್ನ ಸ್ವಂತದ್ದು ಎನ್ನುವಂಥದ್ದೇನಾದರೂ ಮಾಡಿ ತೋರಿಸಬೇಕೆಂಬ ಆಸೆ ಒಳಗೊಳಗೇ ಇತ್ತು. ಅದನ್ನೂ ಒಪ್ಪಿಕೊಳ್ಳುತ್ತೇನೆ.

ಹಾಗೆ ಬಿಪಿಎಫ್ ಹಿಡಿದೆ. ಅಕ್ಕ, ಇದು ನಿನಗೆ. ಯಂತ್ರದೊಳಗೆ ಕರ್ನಲ್ ಎಂಬ ಯಜಮಾನನಿದ್ದಾನೆ. ಬರುವುದು ಹೋಗುವುದು ಎಲ್ಲವೂ ಅವನ ಕೈ ದಾಟಬೇಕು, ಹೊರಗಿನವರು ಅವನ ಮನೆಯೊಳಗೆ ಕಾಲಿಡುವ ಹಾಗಿಲ್ಲ. ಆದರೆ ಸಿ ಭಾಷೆಯಲ್ಲಿ ಹತ್ತಿಪ್ಪತ್ತು ಸಾಲಿನ ಚಿಕ್ಕ ಪ್ರೋಗ್ರಾಮ್ ಬರೆದು, ಅವನ ಮನೆಯ ಒಂದು ಬಾಗಿಲ ಪಕ್ಕದಲ್ಲಿ ಕೂರಿಸಲು ದಾರಿಯಿದೆ. ಆ ಬಾಗಿಲಲ್ಲಿ ಏನಾದರೂ ನಡೆದಾಗಲೆಲ್ಲ ನಮ್ಮ ಪ್ರೋಗ್ರಾಮ್ ಎದ್ದು, ಕಂಡದ್ದನ್ನು ಬರೆದುಕೊಂಡು, ಮತ್ತೆ ಕೂರುತ್ತದೆ. ನನ್ನ ಮೊದಲ ಪಾಠ, ಯಂತ್ರದಲ್ಲಿ ಯಾವ ಪ್ರೋಗ್ರಾಮ್ ಶುರುವಾದರೂ ಒಂದು ಸಾಲು ಬರೆಯುವುದು. ಆ ಸಾಲುಗಳು ಪರದೆಯ ಮೇಲೆ ಸರಸರ ಬಂದಾಗ ಸ್ಟೋರ್ ಕೀಪರಮ್ಮನನ್ನು ಎಳೆದುಕೊಂಡು ಬಂದು ತೋರಿಸಿದೆ. ಅವರು ನೋಡಿ, "ಚೆನ್ನಾಗಿದೆ, ಆದ್ರೆ ನನ್ನ ರಬ್ಬರು ಯಾವಾಗ ಬರುತ್ತೆ?" ಎಂದು ಹೋದರು.

ಎರಡನೆಯದು ಬಿದ್ದ ರೀಡಿಂಗುಗಳನ್ನು ಎಣಿಸುವ ಪ್ರೋಗ್ರಾಮ್, ಅದನ್ನು ಕರ್ನಲ್ ಒಳಗೇ ಬಿಡಲಿಲ್ಲ. ಬಾಗಿಲಲ್ಲಿ ವೆರಿಫೈಯರ್ ಕೂತಿರುತ್ತದಲ್ಲ. ಒಂದೊಂದು ಸಾಲನ್ನೂ ಓದಿ, ಇದು ಮನೆ ಕೆಡಿಸುವುದಿಲ್ಲ ಎಂದು ಖಾತ್ರಿಯಾದರೆ ಮಾತ್ರ ಒಳಗೆ ಬಿಡುತ್ತದೆ. ಮುಗಿಯದ ಸುತ್ತು ಇರಬಾರದು, ಐನೂರ ಹನ್ನೆರಡು ಬೈಟಿಗಿಂತ ಹೆಚ್ಚು ಸಾಮಾನು ಹರಡಿಕೊಳ್ಳಬಾರದು, ಖಾಲಿ ಇರಬಹುದಾದ ಡಬ್ಬಿಗೆ ನೋಡದೆ ಕೈ ಹಾಕಬಾರದು. ಹನ್ನೊಂದು ಸಲ ತಿರಸ್ಕರಿಸಿತು. ಆ ಭಾನುವಾರ ಲ್ಯಾಪ್‌ಟಾಪ್ ಹೊತ್ತು ನಿಮ್ಮ ಮನೆಗೇ ಬಂದೆ. ಊಟದ ಮೇಜಿನ ಮೇಲಿದ್ದ ತಟ್ಟೆಗಳನ್ನು ಪಕ್ಕಕ್ಕೆ ಸರಿಸಿ ನೀವು ಕನ್ನಡಕ ಹಣೆಗೇರಿಸಿಕೊಂಡು ಓದಿದಿರಿ. "ಇದು ಅತ್ತೆ ಕಣೇ" ಎಂದಿರಿ. "ಸೊಸೆ ಕೈಲಿ ಪಾತ್ರೆ ಕೊಡೋ ಮೊದಲು ನೂರು ಸಲ ನೋಡ್ತಾಳೆ. ಇಲ್ನೋಡು, ಪಟ್ಟಿಯಿಂದ ತಂದ ಪಾಯಿಂಟರ್ ಖಾಲಿನಾ ಅಂತ ನೀನು ಕೇಳೇ ಇಲ್ಲ. ಕೇಳು, ಒಳಗೆ ಬಿಡ್ತಾಳೆ." ಒಂದು ಸಾಲು ಸೇರಿಸಿದಿರಿ, ಬಿಟ್ಟಿತು. ಅಕ್ಕ ಅಡುಗೆಮನೆಯಿಂದ, "ಅತ್ತೆ ಅಂದ್ರೆ ನನ್ನ ಅತ್ತೇನಾ?" ಎಂದು ಕೂಗಿದಳು. ನೀವು, "ಇಲ್ಲಪ್ಪ, ಅಷ್ಟು ಕಟ್ಟುನಿಟ್ಟಲ್ಲ" ಎಂದಿರಿ. ನಾವು ನಕ್ಕ ಕೊನೆಯ ದಿನ ಅದು.

ನಿಮ್ಮ ಬೆನ್ನಿಗೆ ಇರಿದ ಪ್ರೋಗ್ರಾಮನ್ನು ಬಾಗಿಲು ದಾಟಿಸಿದ್ದು ನಿಮ್ಮ ಕೈಯೇ.

ಆ ದಿನ ನೀವು ನೋಡಿದ್ದರಲ್ಲಿ ಎಷ್ಟು ರೀಡಿಂಗುಗಳು ಬಿದ್ದವು ಎಂಬ ಎಣಿಕೆ ಮಾತ್ರ ಇತ್ತು. ಸೋಮವಾರ ನಾನು ಇನ್ನೊಂದು ಸೇರಿಸಿದೆ. ಕರ್ನಲ್ ಒಂದು ರೀಡಿಂಗನ್ನು ಎಸೆಯುವ ಕ್ಷಣದಲ್ಲಿ, ಈಗ ಓಡುತ್ತಿರುವ ಪ್ರೋಗ್ರಾಮ್ ಯಾವುದು ಎಂದು ಕೇಳಿ ಅದರ ಹೆಸರು, ನಂಬರು ಬರೆದುಕೊಳ್ಳುವುದು. ಕೇಳಲು ಸುಲಭ, ಒಂದೇ ಸಾಲು. ಎಲ್ಲ ಹೊಸಬರೂ ಬರೆಯುವ ಸಾಲು. ಹೆಸರುಗಳು ಬರತೊಡಗಿದವು. ಹೆಚ್ಚಿನ ಸಲ ನಿಮ್ಮ ಪ್ರೋಗ್ರಾಮಿನದೇ. ನಡುನಡುವೆ ನಂಬರ್ ಸೊನ್ನೆ. ಸೊನ್ನೆ ಎಂದರೆ ಯಾವ ಪ್ರೋಗ್ರಾಮೂ ಓಡುತ್ತಿಲ್ಲ, ಯಂತ್ರ ಬಿಡುವಾಗಿದೆ ಎಂದರ್ಥ. ಬಿಡುವಾಗಿರುವ ಯಂತ್ರ ಹೇಗೆ ಏನನ್ನಾದರೂ ಬೀಳಿಸುತ್ತದೆ? ನನಗೆ ತಲೆಬುಡ ತಿಳಿಯಲಿಲ್ಲ. ತಿಳಿಯದ್ದನ್ನು ವಿಚಾರಿಸುವ ಬದಲು ಕಸವೆಂದುಕೊಂಡೆ. ನಂಬರ್ ಸೊನ್ನೆಯಾದರೆ ಬರೆಯದೆ ಹಿಂದಿರುಗು ಎಂದು ಒಂದು ಸಾಲು ಹಾಕಿದೆ. ವೆರಿಫೈಯರ್ ಚಕಾರ ಎತ್ತಲಿಲ್ಲ. ಪಾತ್ರೆ ಒಡೆಯುತ್ತೀಯಾ ಎಂದಷ್ಟೇ ಅದು ನೋಡುವುದು, ಸುಳ್ಳು ಹೇಳುತ್ತೀಯಾ ಎಂದು ನೋಡುವುದಿಲ್ಲ.

ಮೂರು ದಿನದ ಪಟ್ಟಿ ಅಚ್ಚುಕಟ್ಟಾಗಿತ್ತು. ನೂರರಲ್ಲಿ ತೊಂಬತ್ತೊಂದು ಸಲ ನಿಮ್ಮ ಪ್ರೋಗ್ರಾಮ್. ಮೊದಲು ನಿಮಗೆ ತೋರಿಸಬೇಕಿತ್ತು. ನಾಲ್ಕು ಹೆಜ್ಜೆ ಆಚೆಗೆ ನಿಮ್ಮ ಮೇಜು. ತೋರಿಸಿದರೆ ನೀವು ಏನೋ ಒಂದು ಹೇಳುತ್ತೀರಿ, ನಾನು ಮತ್ತೆ ಶಿಷ್ಯಳಾಗುತ್ತೇನೆ, ಅದು ಬೇಡವಾಗಿತ್ತು. ನೇರ ನಿರ್ದೇಶಕರ ಕೋಣೆಗೆ ಹೋದೆ. ಮರುದಿನ ಮೀಟಿಂಗ್ ಕರೆದರು. ಗಾಜಿನ ಕೋಣೆಯಲ್ಲಿ ನಾವಿಬ್ಬರಲ್ಲದೆ ಒಂಬತ್ತು ಜನ, ಅಲಾರಂ ಕಂಪನಿಯ ಇಬ್ಬರೂ ಸೇರಿ. ನಾನು ಬಣ್ಣಬಣ್ಣದ ಪಟ್ಟಿ ಗೋಡೆಯ ಮೇಲೆ ತೋರಿಸಿದೆ. ನೀವು ಆರಂಭದಲ್ಲಿ ಸಮಾಧಾನವಾಗಿಯೇ ಇದ್ದಿರಿ. ಆ ಬೆಳಿಗ್ಗೆಯ ಬಿಸಿ ಏರಿದ್ದೆಲ್ಲ ನನ್ನ ಫೈಲಿನಲ್ಲಿ ದಾಖಲಾಗಿದೆ, ನನ್ನದು ಏನನ್ನೂ ಕಳೆದಿಲ್ಲ ಎಂದಿರಿ. ಕಂಪನಿಯವನು ತಕ್ಷಣ, "ಅದೇ ಸಾರ್, ಎಲ್ಲಾನೂ ನಿಮ್ಮದೇ ನುಂಗ್ಕೊಂಡಿದೆ, ನಮಗೆ ಬರೋದನ್ನ ಬಿಟ್ಟಿಲ್ಲ" ಎಂದ. ಅದು ಅರ್ಥವಿಲ್ಲದ ಮಾತೆಂದು ನನಗೆ ಗೊತ್ತಿತ್ತು. ಒಬ್ಬರಿಗೆ ಬಂದ ಪ್ರತಿಯನ್ನು ಇನ್ನೊಬ್ಬರು ನುಂಗುವುದಿಲ್ಲ. ನನ್ನ ಪಟ್ಟಿಗೆ ಅನುಕೂಲವಾಯಿತೆಂದು ಸುಮ್ಮನಿದ್ದೆ.

ಆಗ ನೀವು ನನ್ನ ಕಡೆ ತಿರುಗಿ ಒಂದೇ ಒಂದು ಪ್ರಶ್ನೆ ಕೇಳಿದಿರಿ. ಗದರಿಸಲಿಲ್ಲ, ಪಾಠ ಹೇಳಿಕೊಡುವಾಗಿನ ದನಿ ಅದು. "ಪಟ್ಟೀಲಿ ಸೊನ್ನೆ ಬರಲಿಲ್ವಾ?"

ನಾನು, "ಇಲ್ಲ" ಎಂದೆ.

ಭಾವ, ಆ ಸಾಲು ನನಗೆ ನೆನಪಿತ್ತು. ಏಳು ತಿಂಗಳು ನನಗೆ ನಾನೇ ಹೇಳಿಕೊಂಡೆ: ಪಟ್ಟಿಯಲ್ಲಿ ಇರಲಿಲ್ಲ ತಾನೇ, ಪಟ್ಟಿಯ ಬಗ್ಗೆ ಕೇಳಿದರು, ಪಟ್ಟಿಯ ಬಗ್ಗೆ ಹೇಳಿದೆ. ಅದೆಲ್ಲ ವಕೀಲರ ಮಾತು. ನೀವು ಯಾಕೆ ಕೇಳುತ್ತಿದ್ದೀರೆಂದು ಗೊತ್ತಿರಲಿಲ್ಲ ನಿಜ, ಆದರೆ ಬಂದಿತ್ತು, ನಾನೇ ಎಸೆದೆ ಎನ್ನಬಹುದಿತ್ತು. ಎಂದಿದ್ದರೆ ನೀವು ಅರ್ಧ ನಿಮಿಷದಲ್ಲಿ ಬಿಡಿಸಿ ಹೇಳುತ್ತಿದ್ದಿರಿ, ನನ್ನ ಬಣ್ಣದ ಪಟ್ಟಿ ಅಲ್ಲೇ ಹರಿದುಹೋಗುತ್ತಿತ್ತು. ಒಂಬತ್ತು ಜನರ ಮುಂದೆ ನಗೆಪಾಟಲಾಗುವ ಹೆದರಿಕೆಗೆ ನಾನು ಇಲ್ಲ ಎಂದೆ. ನೀವು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, "ಸರಿ ಹಾಗಾದ್ರೆ" ಎಂದು ಕನ್ನಡಕ ತೆಗೆದು ಜೇಬಿಗೆ ಇಟ್ಟುಕೊಂಡಿರಿ. ನಾನು ಹೇಳಿದ ಮಾತನ್ನು ನಂಬಿದಿರೋ, ಸುಳ್ಳೆಂದು ಗೊತ್ತಾಗಿ ಬಿಟ್ಟಿರೋ, ಇವತ್ತಿಗೂ ನನಗೆ ಗೊತ್ತಿಲ್ಲ.

ಮುಂದಿನದು ನಿಮಗೆ ಗೊತ್ತು. ಕೀಲಿಗೊಂಚಲು ಕೇಳಿ ಪಡೆದರು. ಹತ್ತು ವರ್ಷ ನೀವು ಸಾಕಿದ ಯಂತ್ರದ ಪಾಸ್‌ವರ್ಡನ್ನು ನೀವು ಕೂತಿರುವಾಗಲೇ ಬದಲಿಸಿದರು. ಎರಡು ವಾರ ಖಾಲಿ ಮೇಜಿನ ಮುಂದೆ ಕೂತು, ಆಮೇಲೆ ನೀವಾಗಿಯೇ ರಾಜೀನಾಮೆ ಕಾಗದ ಕೊಟ್ಟು ಹೊರಟಿರಿ. ನಿಮ್ಮ ಕುರ್ಚಿಯನ್ನು ನನಗೆ ಕೊಟ್ಟರು. ನಾನು ಕೂತೆ. ಬೇಡ ಅನ್ನಲಿಲ್ಲ. ಆ ವಾರ ಅಕ್ಕ ನನ್ನನ್ನು ಹಿತ್ತಲ ಬಾಗಿಲ ಹತ್ತಿರ ಕರೆದುಕೊಂಡು ಹೋಗಿ, "ನಿಜ ಹೇಳು, ಅವರದ್ದೇ ತಪ್ಪಾ?" ಎಂದು ಕೇಳಿದಳು. "ಹೂಂ ಅಕ್ಕ, ಪಟ್ಟಿ ಸುಳ್ಳು ಹೇಳಲ್ಲ" ಎಂದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದಳು.

ಹೋದ ವಾರ ಅಲಾರಂ ಪರೀಕ್ಷೆ ಇತ್ತು. ಗೋಡೆಯ ಡಬ್ಬಿಯ ಬಿಸಿ ಅಳೆಯುವ ಕಡ್ಡಿಯನ್ನು ಬಿಸಿನೀರಿನ ಲೋಟದಲ್ಲಿ ಇಟ್ಟು ಗಂಟೆ ಹೊಡೆಯುತ್ತದೋ ನೋಡುವುದು. ಸ್ಟೋರ್ ಕೀಪರಮ್ಮ ಲೋಟ ಹಿಡಿದು ನಿಂತೇ ಇದ್ದರು, ನೀರು ತಣ್ಣಗಾಯಿತು, ಗಂಟೆ ಹೊಡೆಯಲಿಲ್ಲ. ನಿಮ್ಮ ಪ್ರೋಗ್ರಾಮನ್ನು ತೆಗೆದುಹಾಕಿ ಆರು ತಿಂಗಳಾಗಿತ್ತು. ನನ್ನ ಹಳೆಯ ಪ್ರೋಗ್ರಾಮನ್ನು ಮತ್ತೆ ಕೂರಿಸಿದೆ. ನಲವತ್ತೆರಡು ರೀಡಿಂಗ್ ಬಿದ್ದಿವೆ ಎಂದು ಎಣಿಕೆ ಹೇಳಿತು, ಹೆಸರಿನ ಪಟ್ಟಿಯಲ್ಲಿ ಒಂದೇ ಒಂದು ಹೆಸರಿಲ್ಲ. ನಲವತ್ತೆರಡು ಸಲ ತಪ್ಪಾಗಿದೆ, ಮಾಡಿದವರು ಯಾರೂ ಇಲ್ಲ. ಯಾವ ಸಾಲು ಎಂದು ಹುಡುಕಬೇಕಾಗಿರಲಿಲ್ಲ. ಅಳಿಸಿ ಮತ್ತೆ ಓಡಿಸಿದೆ. ಸೊನ್ನೆ, ಸೊನ್ನೆ, ಸೊನ್ನೆ, ಪರದೆಯ ತುಂಬ ಸೊನ್ನೆ.

ನೀವು ಅರ್ಧ ನಿಮಿಷದಲ್ಲಿ ಹೇಳುತ್ತಿದ್ದುದನ್ನು ನಾನು ಎರಡು ದಿನ ಓದಿ ತಿಳಿದುಕೊಂಡೆ. ಹೊರಗಿನಿಂದ ರೀಡಿಂಗ್ ಬಂದ ಕೂಡಲೇ ಕರ್ನಲ್ ನಡೆಯುತ್ತಿರುವ ಕೆಲಸವನ್ನು ಅಲ್ಲಿಗೇ ತಡೆದು, ಆ ಕ್ಷಣದಲ್ಲೇ ಅದನ್ನು ಯಾವ ಪ್ರೋಗ್ರಾಮಿನ ಅಂಚೆಡಬ್ಬಿಗೆ ಹಾಕಬೇಕೋ ನೋಡುತ್ತದೆ. ಡಬ್ಬಿ ತುಂಬಿದ್ದರೆ ಎಸೆಯುತ್ತದೆ. ಅಕ್ಕ, ಹೀಗೆ ತಿಳಿದುಕೋ: ಅಂಚೆಯವನು ಒಂದು ಮನೆಯ ಡಬ್ಬಿ ತುಂಬಿದೆಯೆಂದು ಕಾಗದವನ್ನು ಬೀದಿಗೆ ಎಸೆದ. ನಾನು ಆ ಹೊತ್ತಿನಲ್ಲಿ ಬೀದಿಯಲ್ಲಿ ನಡೆದು ಹೋಗುತ್ತಿದ್ದವರ ಹೆಸರು ಬರೆದುಕೊಂಡೆ. ಭಾವನ ಪ್ರೋಗ್ರಾಮ್ ಇಡೀ ದಿನ ಬೀದಿಯಲ್ಲಿ ದುಡಿಯುತ್ತಿತ್ತು, ಆದ್ದರಿಂದ ತೊಂಬತ್ತೊಂದು ಸಲ ಅದೇ ಸಿಕ್ಕಿತು. ಬೀದಿ ಖಾಲಿಯಿದ್ದಾಗ ಬಂದ ಸೊನ್ನೆ ಒಂದೇ ಸಾಕ್ಷಿ, ಅದನ್ನು ನಾನು ಒಳಗೆ ಬಿಡಲಿಲ್ಲ.

ಹೊಸದಾಗಿ ಬರೆದೆ. ಈ ಸಲ ಯಾರು ಓಡುತ್ತಿದ್ದರು ಎಂದು ಕೇಳಲಿಲ್ಲ, ಎಸೆದ ರೀಡಿಂಗಿನ ಮೇಲೆ ಯಾರ ವಿಳಾಸ ಇತ್ತು ಎಂದು ನೋಡಿದೆ. ಪ್ರತಿಯೊಂದೂ ಅಲಾರಂ ಪ್ರೋಗ್ರಾಮಿನದು. ಅದು ಫೋನಿಗೆ ತಾನು ಕಳಿಸಿದ ಸಂದೇಶಕ್ಕೆ ಉತ್ತರ ಬರುವವರೆಗೆ ನಿದ್ದೆ ಹೋಗುತ್ತದೆ, ಅಷ್ಟರಲ್ಲಿ ಅದರ ಡಬ್ಬಿ ತುಂಬುತ್ತದೆ. ನಿದ್ದೆ ಮಾಡುವವರು ಬೀದಿಯಲ್ಲಿ ಇರುವುದಿಲ್ಲ, ಹಾಗಾಗಿ ನನ್ನ ಮೊದಲ ಪಟ್ಟಿಯಲ್ಲಿ ಅದರ ಹೆಸರು ಒಂದು ಸಲವೂ ಬರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ಕಬ್ಬಿಣ ಕಾಯಿಸಿ ಹಿಡಿದವಳು ನಾನು.

ನಿರ್ದೇಶಕರಿಗೆ ತೋರಿಸಿದೆ. ಅವರು ಪೂರ್ತಿ ಕೇಳಿದರು. ಬಾಗಿಲು ಮುಚ್ಚಿ, "ಆಗಿದ್ದು ಆಗೋಯ್ತು. ಅವರು ತಾವಾಗೇ ಬಿಟ್ಟು ಹೋದ್ರು ತಾನೇ? ಕಂಪನಿಗೆ ಹೇಳಿ ಸರಿ ಮಾಡಿಸೋಣ. ನಿಮಗೂ ಯಾಕೆ ಸುಮ್ಮನೆ ತೊಂದರೆ?" ಎಂದರು. ಕೆಟ್ಟ ಮನುಷ್ಯರಲ್ಲ, ನನ್ನ ಮೇಲಿನ ಕನಿಕರದಿಂದಲೇ ಹೇಳಿದರು. ಎರಡು ದಿನ ಆ ಕನಿಕರದ ನೆರಳಲ್ಲಿ ಕೂತಿದ್ದೆ, ಅದನ್ನೂ ಮುಚ್ಚಿಡುವುದಿಲ್ಲ. ಇವತ್ತು ಬೆಳಿಗ್ಗೆ ಎಲ್ಲವನ್ನೂ ಬರೆದು, ಎರಡೂ ಪ್ರೋಗ್ರಾಮ್ ಲಗತ್ತಿಸಿ, ಆ ದಿನ ಗಾಜಿನ ಕೋಣೆಯಲ್ಲಿದ್ದ ಒಂಬತ್ತು ಜನರಿಗೂ ಕಳಿಸಿದೆ. ನನ್ನ ಭಾವ ಸೊನ್ನೆ ಬರಲಿಲ್ಲವೇ ಎಂದು ಕೇಳಿದ್ದರು, ಬಂದಿತ್ತು, ನಾನು ಇಲ್ಲ ಎಂದೆ, ಎಂದು ಅದೇ ಪದಗಳಲ್ಲಿ ಬರೆದೆ. ಕುರ್ಚಿ ಬಿಟ್ಟಿದ್ದೇನೆ. ಮುಂದೆ ಏನು ಮಾಡುತ್ತಾರೋ ನೋಡಬೇಕು. ನಿಮ್ಮನ್ನು ಕರೆದರೆ ಹೋಗಿ, ಕರೆಯದಿದ್ದರೆ ಬಿಡಿ, ನಾನು ಹೇಳುವಂಥದ್ದಲ್ಲ.

ಆಮೇಲೆ ಅಕ್ಕನಿಗೆ ಫೋನ್ ಮಾಡಿದೆ. ಅವಳು ಅಳುತ್ತಲೇ ಕೇಳಿಸಿಕೊಂಡಳು. ಆಮೇಲೆ, "ಅವರು ಅವತ್ತೇ ಹೇಳಿದ್ರು ಕಣೇ" ಎಂದಳು. "ಲೆಕ್ಕದಲ್ಲಿ ಏನೋ ಬಿಟ್ಟೋಗಿದೆ, ಅವಳಿಗೆ ಬೈಬೇಡ, ಹೊಸದಾಗಿ ಕಲಿತಿದ್ದಾಳೆ ಅಂದ್ರು. ನಾನು ಏನಂದೆ ಗೊತ್ತಾ? ನನ್ನ ತಂಗಿ ಮುಂದೆ ಬಂದಿದ್ದು ನಿಮಗೆ ತಡ್ಕೊಳ್ಳೋಕಾಗ್ತಿಲ್ಲ ಅಂದೆ. ಅವತ್ತಿಂದ ಅವರು ನನ್ನ ಹತ್ರ ಆಫೀಸಿನ ಮಾತೇ ಎತ್ತಲಿಲ್ಲ."

ನಾನು ಕಸಿದದ್ದು ಕೆಲಸ ಮಾತ್ರ ಎಂದುಕೊಂಡಿದ್ದೆ, ಭಾವ. ನಿಮ್ಮ ಸ್ವಂತ ಮನೆಯಲ್ಲಿ, ನಿಮ್ಮ ಮಾತನ್ನು ನಂಬಬೇಕಾಗಿದ್ದ ಒಬ್ಬಳೇ ಒಬ್ಬಳನ್ನೂ ಕಸಿದಿದ್ದೆ. ಒಂಬತ್ತು ಜನರಿಗೆ ಬರೆದಷ್ಟು ಸುಲಭವಾಗಿ ಇದನ್ನು ತಿದ್ದಲು ನನಗೆ ಬರುವುದಿಲ್ಲ. ದಯವಿಟ್ಟು ಅಕ್ಕನ ಮೇಲೆ ಸಿಟ್ಟು ಇಟ್ಟುಕೊಳ್ಳಬೇಡಿ. ಅವಳು ನಂಬಿದ್ದು ನನ್ನ ಸುಳ್ಳನ್ನು, ಆ ಸಿಟ್ಟೂ ನನಗೇ ಸೇರಬೇಕು.

ಅವಳು ಫೋನ್ ಇಡುವುದನ್ನು ಮರೆತು ಮೇಜಿನ ಮೇಲೆ ಬಿಟ್ಟು ಎದ್ದುಹೋದಳು. ನಾನು ಕಟ್ ಮಾಡಬೇಕಿತ್ತು, ಮಾಡಲಿಲ್ಲ. ಹಿತ್ತಲ ಬಾಗಿಲು ತೆರೆದ ಸದ್ದು, ಅವಳು ಬಿಕ್ಕುವ ಸದ್ದು ಕೇಳಿತು. ಆಮೇಲೆ ನಿಮ್ಮ ದನಿ, ಗಾಬರಿಯಿಂದ: "ಯಾಕೆ, ಏನಾಯ್ತು? ನಿನ್ನ ತಂಗಿ ಹುಷಾರಾಗಿದ್ದಾಳೆ ತಾನೇ?"

ನಿಮ್ಮಿಬ್ಬರಿಗೂ ಒಳ್ಳೆಯದಾಗಲಿ. ನಿಮ್ಮ ಆಶೀರ್ವಾದ ಕೇಳುವ ಮುಖ ನನಗಿಲ್ಲ. ಭಾನುವಾರ ಬರುತ್ತೇನೆ, ಬೈಯಿರಿ.

ಇಂತಿ,
ನಿಮ್ಮ ಪ್ರಶ್ನೆಗೆ ಏಳು ತಿಂಗಳು ತಡವಾಗಿ ಉತ್ತರ ಕೊಟ್ಟ
ನಾದಿನಿ